ಕೆಲಸವಿಲ್ಲದ ಸವಾರಿ

ನಮ್ಮ ಮನೆಯ ಮೋಟಾರು ಸೈಕಲ್ಲು ಕಾರಣವಿಲ್ಲದೆ ಅಂಗಳ ಬಿಟ್ಟು ಹೊರಟ ದಿನ ಕಳೆದ ಡಿಸೆಂಬರಿನವರೆಗೆ ಒಂದೂ ಇರಲಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಅದು ಬಂದರಿಗೆ ಹೋಗತಕ್ಕದ್ದು. ಆರೂವರೆಯ ಹೊತ್ತಿಗೆ ಎರಡು ಮೀನಿನ ಪೆಟ್ಟಿಗೆಗಳನ್ನು ಹೊತ್ತು ಒಳಊರುಗಳ ದಾರಿ ಹಿಡಿಯತಕ್ಕದ್ದು. ಮಧ್ಯಾಹ್ನ ಖಾಲಿ ಪೆಟ್ಟಿಗೆಗಳನ್ನು ಗಡಗಡಿಸುತ್ತ ಮರಳಿ, ಅಂಗಳದ ತೆಂಗಿನ ಬುಡದಲ್ಲಿ ನಿಂತು ಸ್ನಾನ ಮಾಡಿಸಿಕೊಳ್ಳತಕ್ಕದ್ದು. ಐಸು ಕರಗಿದ ಮೀನಿನ ನೀರು ಕಬ್ಬಿಣವನ್ನು ತಿನ್ನುವಷ್ಟು ಬೇಗ ಬೇರೇನೂ ತಿನ್ನಲಾರದು. ಆದುದರಿಂದ ನಮ್ಮ ಮನೆಯಲ್ಲಿ ಮನುಷ್ಯರ ಸ್ನಾನ ಒಂದು ದಿನ ತಪ್ಪಿದರೂ ತಪ್ಪೀತು, ಗಾಡಿಯ ಸ್ನಾನ ತಪ್ಪುವುದಿಲ್ಲ. ಅಪ್ಪ ಅದನ್ನು ಬೈಕು ಎನ್ನುವುದಿಲ್ಲ, ಗಾಡಿ ಎನ್ನುತ್ತಾರೆ. ಎತ್ತಿನ ಗಾಡಿಗೂ ಅದಕ್ಕೂ ಅವರ ಮನಸ್ಸಿನಲ್ಲಿ ಹೆಚ್ಚು ಅಂತರವಿದ್ದಂತೆ ನನಗೆ ತೋರುವುದಿಲ್ಲ.

ಇಂತಹ ಗಾಡಿಯನ್ನು ಒಂದು ಸೋಮವಾರ ನಾನು ಸುಮ್ಮನೆ ತೆಗೆದುಕೊಂಡು ಹೋದೆ. ಐದನೆಯ ಸೆಮಿಸ್ಟರಿನ ಪರೀಕ್ಷೆ ಮುಗಿದು ರಜೆ ಬಿದ್ದಿತ್ತು. ಸೋಮವಾರ ನಮ್ಮ ಕಡೆ ಮೀನು ಮುಟ್ಟದ ಮನೆಗಳು ಹೆಚ್ಚಾದ್ದರಿಂದ ಅಂದು ಅಪ್ಪನಿಗೂ ಬಿಡುವು, ಗಾಡಿಗೂ ಬಿಡುವು. ಪೆಟ್ಟಿಗೆ ಕೂರಿಸುವ ಕಬ್ಬಿಣದ ಚೌಕಟ್ಟನ್ನು ಪಾನಾದಿಂದ ಬಿಚ್ಚಿ ಜಗಲಿಯ ಮೇಲಿಟ್ಟು ಹೊರಟೆ. ಕುಮಟೆಯಿಂದ ಹೊಲನಗದ್ದೆ, ಬಾಡ, ಕಾಗಾಲ ದಾಟಿ ಅಘನಾಶಿನಿ ಊರು, ಅಲ್ಲಿಂದ ಬಾರ್ಜಿನಲ್ಲಿ ಅಳಿವೆ ದಾಟಿ ತದಡಿ, ತದಡಿಯಿಂದ ಗೋಕರ್ಣ, ಸಾಣಿಕಟ್ಟೆಯ ಉಪ್ಪಿನಾಗರಗಳ ಪಕ್ಕದಿಂದ ಮಾದನಗೇರಿ, ಅಲ್ಲಿ ಹೆದ್ದಾರಿ ಸೇರಿ ಹಿರೇಗುತ್ತಿ, ಮಿರ್ಜಾನ, ದೀವಗಿ ಸೇತುವೆಯ ಮೇಲಿಂದ ಮನೆ. ಸುತ್ತಿ ಲೆಕ್ಕ ಹಾಕಿದರೆ ಐವತ್ತು ಕಿಲೋಮೀಟರಿನ ಆಚೀಚೆ. ಹೊರಟದ್ದು ಬೆಳಗಿನ ಏಳಕ್ಕೆ, ಮರಳಿದ್ದು ಸಂಜೆಯ ನಾಲ್ಕಕ್ಕೆ. ಐವತ್ತು ಕಿಲೋಮೀಟರಿಗೆ ಒಂಬತ್ತು ಗಂಟೆ! ಹದವಾಗಿ ಮೇವು ತಿಂದ ಎತ್ತಿನ ಜೋಡಿ ನನ್ನೊಡನೆ ಹೊರಟಿದ್ದರೆ ಅವೂ ಹೆಚ್ಚು ಹಿಂದೆ ಬೀಳುತ್ತಿರಲಿಲ್ಲ.

ಅಪ್ಪ ಜಗಲಿಯ ಮೇಲೆ ಕುಳಿತಿದ್ದರು. "ಎಲ್ಲಿಗೆ ಹೋಗಿದ್ಯೋ?" ಎಂದು ಕೇಳಿದರು. ಹೇಳಿದೆ.

"ಅಲ್ಲೆಂತಾ ಕೆಲಸ ಇತ್ತು?"

"ಕೆಲಸ ಏನಿರಲಿಲ್ಲ ಅಪ್ಪ. ಸುಮ್ನೆ."

ಅವರು ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಅವರು ಬೈಯಲಿಲ್ಲ. ಎದ್ದು ಬಂದು, ಟ್ಯಾಂಕಿನ ಮುಚ್ಚಳ ತೆಗೆದು, ಗಾಡಿಯನ್ನು ಒಮ್ಮೆ ಕುಲುಕಿ ಒಳಗಿನ ಸದ್ದು ಕೇಳಿ, ಮುಚ್ಚಳ ಹಾಕಿ ಒಳಗೆ ಹೋದರು. ನಾನು ಚೌಕಟ್ಟನ್ನು ಮತ್ತೆ ಕೂರಿಸುತ್ತ ಬಹಳ ಹೊತ್ತು ಅಲ್ಲಿಯೇ ಇದ್ದೆ.

ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬರೆಯುತ್ತಿರುವ ಉತ್ತರ. ವಾರ್ಷಿಕ ಸಂಚಿಕೆಗೆ ವಿದ್ಯಾರ್ಥಿಗಳಿಗೆ ಉಪಯುಕ್ತವಾದದ್ದನ್ನು ಬರೆಯಿರಿ ಎಂದು ಸಂಪಾದಕ ಮಂಡಲಿಯವರು ಸೂಚನಾಫಲಕದಲ್ಲಿ ತಿಳಿಸಿದ್ದರು. ಕೆಲಸವಿಲ್ಲದ ಸವಾರಿಯ ಕುರಿತು ಬರೆದದ್ದು ಹೇಗೆ ಉಪಯುಕ್ತವಾದೀತೆಂದು ಅವರು ಹುಬ್ಬೇರಿಸಬಹುದು. ಆದಾಗ್ಯೂ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ಹಗಲಿನ ಮಟ್ಟಿಗೆ, ತನ್ನ ಊರಿನ ಸುತ್ತಣ ಸಣ್ಣ ದಾರಿಗಳಲ್ಲಿ, ಯಾವ ಕೆಲಸವೂ ಇಲ್ಲದೆ, ನಿಧಾನವಾಗಿ ಮೋಟಾರು ಸೈಕಲ್ಲಿನಲ್ಲಿ ಹೋಗಿಬರುವುದು ಪೋಲಿತನವಲ್ಲ. ಅದು ಬೆಂಗಳೂರಿನಿಂದ ಬರುವ ಶ್ರೀಮಂತರ ಮಕ್ಕಳಿಗೆ ಮಾತ್ರ ಮೀಸಲಾದ ಸುಖವೂ ಆಗಬಾರದು. ದಾರಿಯ ಪಕ್ಕದಲ್ಲಿಯೇ ಹುಟ್ಟಿದ ನಮಗೂ ಅದು ಸಲ್ಲತಕ್ಕದ್ದು.

ಈ ದಾರಿಗಳಲ್ಲಿ ಕೆಲಸವಿಲ್ಲದೆ ತಿರುಗಿದವರು ಹಿಂದೆ ಯಾರಾದರೂ ಇದ್ದರೋ ಎಂದು, ಇತಿಹಾಸದ ವಿದ್ಯಾರ್ಥಿಯಾದ ತಪ್ಪಿಗೆ, ಸ್ವಲ್ಪ ಹುಡುಕಿ ನೋಡಿದೆ. ಸಿಕ್ಕವರೆಲ್ಲರಿಗೂ ಕೆಲಸವಿತ್ತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈ ಕರಾವಳಿಯಲ್ಲಿ ಪಯಣ ಮಾಡಿದ. ಕಂಪನಿ ಸರಕಾರಕ್ಕೆ ಯಾವ ಊರಲ್ಲಿ ಏನು ಬೆಳೆಯುತ್ತದೆ, ಎಷ್ಟು ತೀರುವೆ ಬರುತ್ತದೆ ಎಂದು ಬರೆದುಕೊಡುವುದು ಅವನ ಕೆಲಸ. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತುಗಳ ಬೆನ್ನ ಮೇಲೂ ಬಂಡಿಗಳಲ್ಲೂ ಘಟ್ಟ ಇಳಿದು ಕುಮಟೆಯ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಮುಂಬಯಿಯ ಪೇಟೆಯಲ್ಲಿ ಆ ಹತ್ತಿಗೆ ನಮ್ಮ ಊರಿನ ಹೆಸರೇ ಇತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸು ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಒತ್ತಾಸೆ ಇತ್ತು. ಗೋಕರ್ಣಕ್ಕೆ ಬಂದವರು ಪಿತೃಕಾರ್ಯಕ್ಕೋ ಹರಕೆಗೋ ಬಂದವರು. 1930ರಲ್ಲಿ ಅಂಕೋಲೆಯ ಕಡಲ ದಂಡೆಗೆ ಜನ ನಡೆದು ಹೋದದ್ದು ಉಪ್ಪು ಮಾಡಿ ಕಾನೂನು ಮುರಿಯಲಿಕ್ಕೆ. ನೋಟಕ್ಕೋಸ್ಕರ ಈ ದಾರಿಗಳನ್ನು ಯಾರೂ ಮಾಡಿದ್ದಲ್ಲ. ನೋಟ ದಾರಿಯ ಪಕ್ಕದಲ್ಲಿ ಇದ್ದುದು ನಮ್ಮ ಪುಣ್ಯ.

ದೊಡ್ಡವರ ಇತಿಹಾಸ ಅಷ್ಟಾಯಿತು. ನಮ್ಮ ಮನೆಯ ಇತಿಹಾಸ ಇನ್ನೂ ಚಿಕ್ಕದು. ನನ್ನ ಅಜ್ಜಿ ಇದೇ ಸೀಮೆಯಲ್ಲಿ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ನಡೆದವಳು. ಬುಟ್ಟಿಯ ನೀರು ಕೊರಳ ಮೇಲೆ ಇಳಿಯುತ್ತಿತ್ತು; ಕಾಲಿಗೆ ಚಪ್ಪಲಿ ಇರಲಿಲ್ಲ; ಮೀನು ಹಾಳಾಗುವ ಮೊದಲು ಮಾರಬೇಕಾದ್ದರಿಂದ ಅವಳು ನಡೆದದ್ದಕ್ಕಿಂತ ಓಡಿದ್ದೇ ಹೆಚ್ಚು. ಅಪ್ಪ ಮೊದಲು ಬೈಸಿಕಲ್ಲಿನಲ್ಲಿ, ಆಮೇಲೆ ಹಳೆಯ ಎಂ-80 ಗಾಡಿಯಲ್ಲಿ, ಹನ್ನೊಂದು ವರ್ಷಗಳಿಂದ ಈ ಹೀರೋ ಹೋಂಡಾ ಸ್ಪ್ಲೆಂಡರಿನಲ್ಲಿ ಅದೇ ಊರುಗಳಿಗೆ ಹೋಗುತ್ತಿದ್ದಾರೆ. ಅದನ್ನೂ ಎರಡನೆಯ ಕೈಯಿಂದ ಕೊಂಡದ್ದು. ಮೋಟಾರು ಸೈಕಲ್ಲು ಒಂದು ಕಾಲಕ್ಕೆ ನಮ್ಮಂಥವರು ನಿಂತು ನೋಡುವ ವಸ್ತುವಾಗಿತ್ತು. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಾಗುತ್ತಿದ್ದವು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಗುತ್ತಿಗೆದಾರರೊಬ್ಬರ ಯೆಜ್ಡಿ ಊರಿಗೆ ಬಂದರೆ ಅದರ ಸದ್ದನ್ನು ಎರಡು ಗದ್ದೆ ಆಚೆಯಿಂದಲೇ ಗುರುತಿಸುತ್ತಿದ್ದರಂತೆ. ಆ ಗಾಡಿಗಳಿಗೆ ಪೆಟ್ರೋಲಿನೊಡನೆ ಎಣ್ಣೆಯನ್ನೂ ಬೆರೆಸಿ ಕುಡಿಸಬೇಕು, ಹೊಟ್ಟೆಯೂ ದೊಡ್ಡದು. ಎಂಬತ್ತರ ದಶಕದಲ್ಲಿ ಜಪಾನಿನ ಸಹಯೋಗದಿಂದ ನೂರು ಸಿ.ಸಿ.ಯ ಮಿತಾಹಾರಿ ಗಾಡಿಗಳು ಬಂದ ಮೇಲೆ, ಅವು ಹಳತಾಗಿ ಕೈಯಿಂದ ಕೈಗೆ ದಾಟಿದ ಮೇಲೆ, ನಮ್ಮ ಅಂಗಳಕ್ಕೂ ಒಂದು ಬಂತು.

ಅಂದರೆ ನಮ್ಮ ಮನೆತನದಲ್ಲಿ ಹೊರೆಯಿಲ್ಲದೆ ಈ ದಾರಿಯಲ್ಲಿ ಹೋದ ಮೊದಲನೆಯವನು ನಾನು. ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನೂ ನಾನೇ. ಎರಡಕ್ಕೂ ಸಂಬಂಧವಿದೆಯೆಂದು ಬೇಕಾದರೆ ಹೇಳಬಹುದು. ಅಪ್ಪನ ಪ್ರಶ್ನೆ ನನಗೆ ಅಷ್ಟು ಭಾರವಾದದ್ದು ಆ ಕಾರಣಕ್ಕೇ ಇರಬೇಕು. ಬಿ.ಎ. ಓದುವುದಕ್ಕೂ ನೆರೆಯವರು ಅದನ್ನೇ ಕೇಳಿದ್ದರು: "ಅದರಿಂದ ಎಂತಾ ಕೆಲಸ ಸಿಗ್ತದೆ?"

ಇರಲಿ, ಸವಾರಿಗೆ ಬರೋಣ. ನಾನು ಏನು ನೋಡಿದೆ ಎಂದು ಹೇಳದೆ ವಾದ ಮಾತ್ರ ಮಾಡಿದರೆ ಅದು ಉಪ್ಪಿಲ್ಲದ ಸಾರಾದೀತು.

ಕುಮಟೆಯ ಪೇಟೆ ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ದಾರಿ ಕಿರಿದಾಗುತ್ತದೆ. ಎರಡು ಬಸ್ಸು ಎದುರಾದರೆ ಒಂದು ಹಿಂದಕ್ಕೆ ಸರಿಯಬೇಕು. ಎರಡೂ ಕಡೆ ಜಂಬಿಟ್ಟಿಗೆ ಕಲ್ಲಿನ ಪಾಗಾರ, ಅದರ ಮೇಲೆ ಒಣಗಿದ ಹಾವಸೆ, ಒಳಗೆ ತೆಂಗು, ಮನೆ, ಬಾವಿ. ನಲವತ್ತರ ಮೇಲೆ ಹೋಗಲು ದಾರಿಯೇ ಬಿಡುವುದಿಲ್ಲ. ಒಂದು ತಿರುವಿನಲ್ಲಿ ಕೋಳಿ, ಮುಂದಿನದರಲ್ಲಿ ಅಜ್ಜ, ಅದರ ಮುಂದೆ ಶಾಲೆಯ ಮಕ್ಕಳು. ಮೋಟಾರು ಸೈಕಲ್ಲಿನ ಹೆಚ್ಚುಗಾರಿಕೆ ಇಲ್ಲಿದೆ ಎಂದು ನನ್ನ ಭಾವನೆ. ಬಸ್ಸಿನ ಕಿಟಕಿಯಿಂದ ದಾರಿಯ ಒಂದೇ ಮಗ್ಗುಲು ಕಾಣುತ್ತದೆ, ಕಾರಿನ ಗಾಜು ಏರಿಸಿದವರಿಗೆ ವಾಸನೆ ಸಿಗುವುದಿಲ್ಲ. ಬೈಕಿನವನಿಗೆ ಮಾತ್ರ ಊರು ಮೂಗಿನಿಂದ ಮೊದಲು ಒಳಗೆ ಬರುತ್ತದೆ. ಇಲ್ಲಿ ಹಸಿ ಸೆಗಣಿ, ಅಲ್ಲಿ ಯಾರದೋ ಬಚ್ಚಲ ಒಲೆಯಲ್ಲಿ ಉರಿಯುವ ತೆಂಗಿನ ಮಡ್ಲು, ಮುಂದೆ ಮರಳ ಮೇಲೆ ಹರಡಿದ ಒಣ ಮೀನು. ನಡೆದು ಹೋಗುವವನಿಗೂ ಇವೆಲ್ಲ ಸಿಗುತ್ತವೆಂದು ನೀವು ಹೇಳಬಹುದು. ಸಿಗುತ್ತವೆ, ಆದರೆ ಅವನು ಸಂಜೆಯೊಳಗೆ ಮನೆ ಮುಟ್ಟಲಾರ.

ಕಾಗಾಲ ದಾಟಿದ ಮೇಲೆ ಗಾಳಿಗೆ ಉಪ್ಪು ಬೆರೆಯುತ್ತದೆ. ಅಘನಾಶಿನಿಯಲ್ಲಿ ದಾರಿ ಮುಗಿದು ನೀರು ಎದುರಾಗುತ್ತದೆ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟು ಯಾವುದಕ್ಕೂ ಸಿಕ್ಕದೆ ಬಂದ ನದಿ ಇಲ್ಲಿ ಕಡಲನ್ನು ಸೇರುತ್ತದೆ. ಈ ಅಳಿವೆಯನ್ನು 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಜೌಗು ನೆಲವೆಂದು ಘೋಷಿಸಿದರು. ಜಗತ್ತಿನಲ್ಲಿಯೇ ಕಾಪಾಡಬೇಕಾದ ಜಾಗಗಳಲ್ಲಿ ಇದೊಂದು ಎಂದು ಅದರ ಅರ್ಥ. ಆ ಸುದ್ದಿಯನ್ನು ನಾನು ಓದಿದ್ದು ಕಾಲೇಜಿನ ವಾಚನಾಲಯದಲ್ಲಿ. ಓದಿದ ಮೇಲೂ, ಮನೆಯಿಂದ ಹತ್ತು ಹನ್ನೆರಡು ಕಿಲೋಮೀಟರು ದೂರದ ಆ ಜಾಗವನ್ನು ನೋಡಲು ನನಗೆ ಎರಡು ವರ್ಷದ ಹತ್ತಿರ ಹಿಡಿಯಿತೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕು. ಬಾರ್ಜು ಬರುವವರೆಗೆ ಗೂಡಂಗಡಿಯ ಬೆಂಚಿನ ಮೇಲೆ ಕುಳಿತೆ. ಇಳಿತದ ಹೊತ್ತು. ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ನಿಂತು ಕಾಲಿನಿಂದ ತಡವಿ ಬಳಚು ಹೆಕ್ಕುತ್ತಿದ್ದರು. ಒಬ್ಬಾಕೆ ಬುಟ್ಟಿಯನ್ನು ನೀರಿನಲ್ಲಿ ಅಲುಗಿಸಿ ಕೆಸರು ತೊಳೆಯುವ ರೀತಿ ನನ್ನ ಅಜ್ಜಿ ಅಕ್ಕಿ ತೊಳೆಯುತ್ತಿದ್ದ ರೀತಿಯೇ ಆಗಿತ್ತು.

ಬಾರ್ಜಿನಲ್ಲಿ ಬೈಕಿಗೆ ಸ್ಟ್ಯಾಂಡು ಹಾಕಿದರೆ ಸಾಲದು, ಹಿಡಿದುಕೊಂಡೇ ನಿಲ್ಲಬೇಕು. ನನ್ನ ಪಕ್ಕದಲ್ಲಿ ಒಬ್ಬರು ಸ್ಕೂಟರಿನ ಮೇಲೆ ಅಕ್ಕಿಯ ಮೂಟೆ ಹೇರಿಕೊಂಡಿದ್ದರು. ಇನ್ನೊಬ್ಬಾಕೆಯ ಕೈಯಲ್ಲಿ ಆಸ್ಪತ್ರೆಯ ಚೀಟಿ. ನಾನೊಬ್ಬನೇ ಬರಿಗೈಯವನು. ಆ ಹತ್ತು ನಿಮಿಷ ನನಗೆ ಮುಜುಗರವಾಯಿತೆಂದು ಪ್ರಾಮಾಣಿಕವಾಗಿ ಹೇಳುತ್ತೇನೆ.

ತದಡಿಯ ಬಂದರು, ಗೋಕರ್ಣದ ಪೇಟೆ ಇವುಗಳ ವರ್ಣನೆ ಮಾಡಲು ಹೋಗುವುದಿಲ್ಲ. ನೋಡದವರು ಕಡಿಮೆ, ಬರೆದವರು ಬಹಳ. ಸಾಣಿಕಟ್ಟೆಯ ಕುರಿತು ಎರಡು ಮಾತು ಹೇಳಬೇಕು. ಅಲ್ಲಿ ದಾರಿಯ ಪಕ್ಕದಲ್ಲಿ ಉಪ್ಪಿನ ಆಗರಗಳು ಕನ್ನಡಿಯ ತುಂಡುಗಳನ್ನು ಜೋಡಿಸಿಟ್ಟಂತೆ ಮಲಗಿರುತ್ತವೆ. ಬೇಸಗೆ ಏರಿದಂತೆ ಬಿಳಿಯ ರಾಶಿಗಳು ಏಳುತ್ತವೆ. ನಾನು ಹೋದಾಗ ಇನ್ನೂ ನೆಲ ತುಳಿದು ಹದ ಮಾಡುತ್ತಿದ್ದರು. ಬಿಸಿಲಿನಲ್ಲಿ ಬರಿಗಾಲಿನ ಐದಾರು ಜನ ಒಂದೇ ಸಮನೆ ತುಳಿಯುತ್ತಿದ್ದರು. ಆ ನೋಟ ಚೆನ್ನಾಗಿತ್ತು, ಮತ್ತು ಅದನ್ನು ಚೆನ್ನಾಗಿದೆ ಎನ್ನಲು ನನಗೆ ಧೈರ್ಯ ಬರಲಿಲ್ಲ. ಅವರಲ್ಲೊಬ್ಬರು ನನ್ನನ್ನು ನೋಡಿ, "ಯಾರ ಮನೆಗೆ?" ಎಂದು ಕೇಳಿದರು. ಈ ಕಡೆಯ ಊರುಗಳಲ್ಲಿ ನಿಂತವನಿಗೆ ಬೀಳುವ ಮೊದಲ ಪ್ರಶ್ನೆಯೇ ಅದು. ಗಜನಿಯ ಕಡೆ ಕೈ ತೋರಿಸಿ, ಕಗ್ಗ ಭತ್ತದ ಗದ್ದೆ ಎಲ್ಲಿ ಎಂದು ವಿಚಾರಿಸಿದೆ. ಉಪ್ಪು ನೀರನ್ನು ತಡೆದುಕೊಂಡು ಬೆಳೆಯುವ ಆ ಭತ್ತದ ಕಾಲ ಮುಗಿದಿತ್ತು. ಕೊಯ್ಲಾದ ಗಜನಿಗೆ ನೀರು ಬಿಟ್ಟು ಮೀನು ಸಿಗಡಿ ಹಿಡಿಯುವ ಕಾಲ ಅದು. ಆತ ಅರ್ಧ ಗಂಟೆ ಅದನ್ನೇ ವಿವರಿಸಿದರು. ನಾನು ಎಂಬತ್ತರ ವೇಗದಲ್ಲಿ ಹೋಗಿದ್ದರೆ ಈ ಅರ್ಧ ಗಂಟೆ ನನಗೆ ಸಿಗುತ್ತಿರಲಿಲ್ಲ.

ವೇಗದ ಮಾತು ಬಂದದ್ದರಿಂದ ಒಂದು ಪ್ರಸಂಗ ಹೇಳಲೇಬೇಕು, ಹೇಳಲು ಇಷ್ಟವಿಲ್ಲ. ನಮಗಿಂತ ಒಂದು ವರ್ಷ ಹಿರಿಯನಾಗಿದ್ದ ಒಬ್ಬ ಹುಡುಗ, ವಾಲಿಬಾಲಿನಲ್ಲಿ ಒಳ್ಳೆಯ ಆಟಗಾರ, ಗೆಳೆಯರೊಡನೆ ಮರವಂತೆಯ ಸೂರ್ಯಾಸ್ತ ನೋಡಿ ರಾತ್ರಿಯೇ ತಿರುಗಿ ಬರುವೆನೆಂದು ಹೊರಟ. ಮರವಂತೆ ನಿಜವಾಗಿಯೂ ನೋಡತಕ್ಕ ಜಾಗ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ಹೆದ್ದಾರಿ. ಅವನು ಸೂರ್ಯಾಸ್ತ ನೋಡಿದ, ಪಟ ತೆಗೆದು ಕಳಿಸಿದ. ಆ ಪಟ ಈಗಲೂ ನಮ್ಮ ಕೆಲವರ ಫೋನಿನಲ್ಲಿದೆ. ಮರಳುವಾಗ ಕತ್ತಲೆಯಲ್ಲಿ, ರಸ್ತೆಯ ನಡುವೆ ಮಲಗಿದ್ದ ಒಂದು ಎಮ್ಮೆ. ಅವನ ತಾಯಿ ಆಮೇಲೆ ಒಮ್ಮೆ ಕಾಲೇಜಿಗೆ ಬಂದಿದ್ದರು, ಯಾವುದೋ ಸರ್ಟಿಫಿಕೇಟು ಬೇಕೆಂದು. ಕಚೇರಿಯ ಮುಂದಿನ ಬೆಂಚಿನ ಮೇಲೆ ಕುಳಿತಿದ್ದ ಅವರನ್ನು ದಾಟಿ ಹೋಗಲು ನಮಗೆ ಕಾಲು ಬರಲಿಲ್ಲ.

ಕಲಾ ವಿಭಾಗದವನು ಗಣಿತ ಹೇಳುತ್ತಾನೆಂದು ನಗಬೇಡಿ. ಗಂಟೆಗೆ ನಲವತ್ತರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರು ಸಾಗುತ್ತದೆ. ಎಂಬತ್ತರಲ್ಲಿ 22 ಮೀಟರು. ಕಣ್ಣು ಒಂದು ಸೆಕೆಂಡು ಕಡಲ ಕಡೆ ಹೊರಳಿದರೆ ಅಷ್ಟು ದೂರ ಗಾಡಿ ತನ್ನಷ್ಟಕ್ಕೇ ಕುರುಡಾಗಿ ಓಡಿರುತ್ತದೆ. ವೇಗ ಎರಡು ಪಟ್ಟಾದರೆ ಢಿಕ್ಕಿಯ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇದನ್ನು ನಮ್ಮ ಪಕ್ಕದ ಮನೆಯ ವಿಜ್ಞಾನದ ವಿದ್ಯಾರ್ಥಿಯಿಂದ ಕೇಳಿ ಖಚಿತಪಡಿಸಿಕೊಂಡಿದ್ದೇನೆ. ನೋಡಲಿಕ್ಕೆಂದು ಹೊರಟವನು ನೋಡಬೇಕು; ನೋಡಬೇಕಾದರೆ ನಿಧಾನವಾಗಬೇಕು; ನಿಧಾನವಾಗಲು ಇಷ್ಟವಿಲ್ಲದವನು ನೋಟದ ನೆಪ ಹೇಳಬಾರದು. ವೇಗದ ಸುಖ ಬೇರೆ, ಅದು ಇಲ್ಲವೆಂದು ನಾನು ಹೇಳುವುದಿಲ್ಲ. ಇಪ್ಪತ್ತು ವರ್ಷದವನಿಗೆ ಅದು ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ? ಆದರೆ ಆ ಸುಖಕ್ಕೆ ಮರವಂತೆಯೂ ಬೇಡ, ಅಘನಾಶಿನಿಯೂ ಬೇಡ.

ಹೆದ್ದಾರಿಯನ್ನು ನಾನು ದೂರುವುದಿಲ್ಲ. ಹಿಂದೆ 17 ಎಂದಿದ್ದು 2010ರ ಮರುಎಣಿಕೆಯಲ್ಲಿ 66 ಆದ ಈ ರಸ್ತೆ ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಹೋಗುತ್ತದೆ. ಮಂಗಳೂರಿನ ಆಸ್ಪತ್ರೆಗೆ ರೋಗಿಯನ್ನು ಒಯ್ಯುವವರಿಗೆ ಅದು ಅಗಲವಾದದ್ದು ವರ. ಅದು ಕೆಲಸದ ರಸ್ತೆ. ಅದರ ಮೇಲೆ ಕೆಲಸವಿದ್ದವರು ಹೋಗಲಿ. ಗುಡ್ಡ ಕಡಿದು ಮಾಡಿದ ಆ ದಾರಿಯ ಮೇಲೆ ಮಳೆಗಾಲದಲ್ಲಿ ಏನಾಗಬಹುದೆಂದು 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಕಂಡೆವು. ಗುಡ್ಡವೇ ಇಳಿದು ಬಂತು. ಮೂರು ವಾರ ಕಳೆದ ಬೆನ್ನಲ್ಲೇ, ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಆದುದರಿಂದ ನನ್ನ ಸವಾರಿಯ ಪಂಚಾಂಗದಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಶುಭದಿನವೇ ಇಲ್ಲ. ಮಳೆಯಲ್ಲಿ ಹಸಿರು ಚೆಂದ ಎನ್ನುವವರಿಗೆ ಒಂದೇ ಮಾತು: ಹಾವಸೆಯೂ ಹಸಿರೇ.

ಇನ್ನು ಹೊರಗಿನಿಂದ ಬರುವವರ ವಿಷಯ. ಶನಿವಾರ ಭಾನುವಾರ ಗೋಕರ್ಣದ ದಾರಿಯಲ್ಲಿ ದೊಡ್ಡ ಬೈಕುಗಳ ಸಾಲು ಬರುತ್ತದೆ. ಕೆಲವರು ಸೈಲೆನ್ಸರು ಬದಲಿಸಿಕೊಂಡಿರುತ್ತಾರೆ. ಆ ಸದ್ದಿಗೆ ತೊಟ್ಟಿಲ ಮಗು ಬೆಚ್ಚಿ ಏಳುತ್ತದೆ, ಕಟ್ಟಿದ ದನ ಹಗ್ಗ ಜಗ್ಗುತ್ತದೆ. ಶಾಂತವಾದ ದಾರಿ ಎಂದು ಕೇಳಿ ಬಂದು, ಅದರ ಶಾಂತಿಯನ್ನು ತಾವೇ ಮುರಿದು, ಚೆನ್ನಾಗಿತ್ತು ಎಂದು ಬರೆದುಕೊಂಡು ಹೋಗುವ ಈ ರೀತಿ ನನಗೆ ಅರ್ಥವಾಗಿಲ್ಲ. ಆದರೂ ಅವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಗೂಡಂಗಡಿಯವರಿಗೆ ಅವರ ಚಾ, ಅವರ ಬನ್ಸು ಲೆಕ್ಕಕ್ಕೆ ಬರುತ್ತವೆ. ಅಘನಾಶಿನಿಯಲ್ಲಿ ನಾನು ಕಂಡ ಒಬ್ಬ ಮಧ್ಯವಯಸ್ಕರು ಹುಬ್ಬಳ್ಳಿಯವರು. ಬಾರ್ಜಿಗೆ ಕಾಯುತ್ತ ತಮ್ಮ ಬಾಟಲಿಯ ಜೊತೆಗೆ ದಂಡೆಯ ಮೇಲೆ ಬಿದ್ದಿದ್ದ ನಾಲ್ಕು ಬಾಟಲಿಗಳನ್ನೂ ಹೆಕ್ಕಿ ಚೀಲಕ್ಕೆ ಹಾಕಿಕೊಂಡರು. ಅವುಗಳಲ್ಲಿ ಎರಡನ್ನು ಎಸೆದವರು ನಮ್ಮ ಊರಿನವರೇ ಇರಬಹುದು.

ಈ ಲೇಖನದ ಮೊದಲ ಪ್ರತಿಯನ್ನು ತರಗತಿಯಲ್ಲಿ ಓದಿದಾಗ ಹುಡುಗರು ಮೇಜು ತಟ್ಟಿದರು. ನಮ್ಮ ತರಗತಿಯಲ್ಲಿ ಹುಡುಗಿಯರೇ ಹೆಚ್ಚು, ಅವರು ತಟ್ಟಲಿಲ್ಲ. ಅವರಲ್ಲೊಬ್ಬಳು ದಿನಾ ಸ್ಕೂಟರಿನಲ್ಲಿ ಹದಿನಾಲ್ಕು ಕಿಲೋಮೀಟರು ಬರುವವಳು, ನನಗಿಂತ ಚೆನ್ನಾಗಿ ಓಡಿಸುತ್ತಾಳೆ. ಅವಳು ಎದ್ದು, "ನಿನಗೆ 'ಯಾರ ಮನೆಗೆ?' ಎಂದು ಒಂದು ಸಲ ಕೇಳಿದರು. ನಾನು ಹೀಗೆ ಸುಮ್ಮನೆ ಹೋಗಿ ದಂಡೆಯ ಮೇಲೆ ಕುಳಿತರೆ ನನಗೆ ಕೇಳುವುದಿಲ್ಲ, ನಮ್ಮ ಮನೆಗೆ ಹೋಗಿ ಹೇಳುತ್ತಾರೆ. ಕಾಲೇಜಿಗೆ ಎಂದರೆ ಗಾಡಿಯ ಕೀಲಿ ಸಿಗುತ್ತದೆ, ಔಷಧಿಗೆ ಎಂದರೆ ಸಿಗುತ್ತದೆ, ಸುಮ್ಮನೆ ಎಂದರೆ?" ಎಂದು ಕೇಳಿದಳು. ನಾನು ತಡವರಿಸಿದೆ. ಅವಳ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ದಾರಿಯ ಪಕ್ಕದಲ್ಲಿಯೇ ಹುಟ್ಟಿದ ನಮಗೂ ಎಂದು ಮೇಲೆ ಬರೆದಾಗ ನನ್ನ ಮನಸ್ಸಿನಲ್ಲಿ ಇದ್ದವರು ಗಂಡುಮಕ್ಕಳು ಮಾತ್ರ ಎಂಬುದು ಅವಳು ಕೇಳಿದ ಮೇಲೆ ತಿಳಿಯಿತು. ಆ ವಾಕ್ಯವನ್ನು ಹಾಗೆಯೇ ಬಿಟ್ಟಿದ್ದೇನೆ. ಈಗ ಅದನ್ನು ಓದುವವರು ಅವಳನ್ನೂ ಸೇರಿಸಿ ಓದಬೇಕು.

ಪೆಟ್ರೋಲಿನ ಮಾತು ಉಳಿಯಿತು. 2021ರಲ್ಲಿ ನಮ್ಮ ರಾಜ್ಯದಲ್ಲಿ ಲೀಟರಿನ ಬೆಲೆ ನೂರು ರೂಪಾಯಿ ದಾಟಿತು. ಐವತ್ತು ಕಿಲೋಮೀಟರಿಗೆ ನಮ್ಮ ಗಾಡಿ ಹೆಚ್ಚೆಂದರೆ ಒಂದು ಲೀಟರು ಕುಡಿಯುತ್ತದೆ. ಅದನ್ನು ನಾನು ಮರುವಾರ ಪಕ್ಕದ ಮನೆಯವರ ತೆಂಗಿನಕಾಯಿ ಸುಲಿದು ಸಂಪಾದಿಸಿದೆ. ಅಪ್ಪನ ಕೈಗೆ ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. "ಬರುವ ಸೋಮವಾರ ಹೋಗುವುದಾದರೆ ಹಾಕಿಸು" ಎಂದರು. ಸ್ವಲ್ಪ ತಡೆದು, "ನಾನೂ ಬರ್ತೆ" ಎಂದರು.

ಅಪ್ಪ ತಮ್ಮದೇ ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊದಲು ಮೊಣಕಾಲ ಮೇಲೆ, ಆಮೇಲೆ ನನ್ನ ಹೆಗಲ ಮೇಲೆ ಇಟ್ಟರು. ಹೆಲ್ಮೆಟ್ಟು ನೆರೆಮನೆಯಿಂದ ತಂದದ್ದು, ಒಂದು ಅಳತೆ ದೊಡ್ಡದು. ಬಾರ್ಜಿನಲ್ಲಿ ಅವರಿಗೆ ಪರಿಚಯದವರು ಸಿಕ್ಕರು. ಸಾಣಿಕಟ್ಟೆಯಲ್ಲಿ ಇಳಿಯಲಿಲ್ಲ, ಉಪ್ಪು ನೋಡುವುದೇನಿದೆ ಎಂದರು. ನನಗೆ ನಿರಾಶೆಯಾಯಿತು. ಮಿರ್ಜಾನದ ಕ್ರಾಸಿಗೆ ಬರುತ್ತಲೇ ಒಬ್ಬ ಹೆಂಗಸು ಕೈ ಅಡ್ಡ ಹಿಡಿದು, "ಇವತ್ತು ಬಂಗಡೆ ತಂದ್ರ್ಯಾ?" ಎಂದು ಕೇಳಿದಳು. ಅಪ್ಪ ಹೆಲ್ಮೆಟ್ಟಿನೊಳಗಿಂದ, "ಇಲ್ಲ ಅಕ್ಕಾ, ಇವತ್ತು ಸುಮ್ನೆ ಬಂದದ್ದು" ಎಂದರು. ಹಾಗೆ ಹೇಳುವಾಗ ಅವರ ದನಿ ಸಣ್ಣದಾಗಿತ್ತು.

ಅಲ್ಲಿಂದ ಕೋಟೆಗೆ ದಾರಿ ತಿರುಗುತ್ತದೆ. ಗೇರಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಸೇರಿಕೊಂಡಿರುವ ಕೋಟೆ. ಪೋರ್ಚುಗೀಸರು ಅವಳನ್ನು ಕರಿಮೆಣಸಿನ ರಾಣಿ ಎಂದು ಕರೆದರು. ಅದರ ಕೆಳಗಿನ ಕೇರಿಗಳಲ್ಲಿ ಹನ್ನೊಂದು ವರ್ಷ ಮೀನು ಮಾರಿದ ಅಪ್ಪ ಒಳಗೆ ಒಮ್ಮೆಯೂ ಹೋಗಿರಲಿಲ್ಲ. ಹೊರಗೆ ಗಾಡಿ ನಿಲ್ಲಿಸಿದರೆ ಪೆಟ್ಟಿಗೆಗೆ ಬೆಕ್ಕು ನಾಯಿಗಳ ಕಾಟ, ಬಿಸಿಲು ಏರಿದರೆ ಮೀನು ಹಾಳು. ಅಂದು ಹೋದೆವು. ಜಂಬಿಟ್ಟಿಗೆಯ ಗೋಡೆ, ಬುರುಜು, ಬಾವಿ ಎಲ್ಲವನ್ನೂ ನಾನು ತರಗತಿಯಲ್ಲಿ ಕಲಿತಂತೆ ವಿವರಿಸುತ್ತ ಹೋದೆ. ಅವರು ಹೂಂಗುಟ್ಟುತ್ತ ಬಂದರು. ಗೋಡೆಯ ಮೇಲೆ ಹತ್ತಿದಾಗ ಮಾತು ನಿಲ್ಲಿಸುವಂತೆ ಕೈ ಎತ್ತಿ, ಕೆಳಗಿನ ತೆಂಗಿನ ತೋಟಗಳನ್ನು ಬಹಳ ಹೊತ್ತು ನೋಡಿದರು. ಅಷ್ಟೂ ಮನೆಗಳ ದಾರಿ ಅವರಿಗೆ ಗೊತ್ತಿತ್ತು, ಮಾಡು ಮಾತ್ರ ಅಂದೇ ಕಂಡದ್ದು.

"ಅಗೋ ಆ ಮಾವಿನ ಮರದ ಮನೆ ಕಾಣ್ತದಲ್ಲ ತಮ್ಮಾ," ಎಂದರು. "ಅವರಿಂದ ಇನ್ನೂ ಮುನ್ನೂರು ರೂಪಾಯಿ ಬರೂಕದೆ."

ಮನೆಗೆ ಬಂದವರೇ ಲುಂಗಿ ಎತ್ತಿ ಕಟ್ಟಿ, ಬಾವಿಯಿಂದ ನೀರು ಸೇದಿ ಗಾಡಿಯನ್ನು ತೆಂಗಿನ ಬುಡಕ್ಕೆ ತಳ್ಳಿದರು. ಇವತ್ತು ಮೀನು ಹೇರಿಲ್ಲವಲ್ಲ ಅಪ್ಪ, ಎಂದೆ.

"ಬಾರ್ಜಿನ ಮೇಲೆ ಉಪ್ಪುನೀರು ಸಿಡಿದದೆ," ಎಂದು ಚೈನಿನ ಮೇಲೆ ತಂಬಿಗೆ ಬಗ್ಗಿಸಿದರು.